ಒಂದೇ ಉಸಿರಿನ ಎಣಿಕೆ

ಪುಟ್ಟಿ, ಅಪ್ಪಿ, ಶಾಲೆಯ ಹಾಜರಿಯಲ್ಲಿರುವ ನಿಮ್ಮ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ನಾನು ಕರೆಯುವುದು ಹೀಗೆ, ನಿಮ್ಮಜ್ಜ ಕರೆದದ್ದೂ ಹೀಗೆ. ಅಪ್ಪಿಗೆ ಅದು ನೆನಪಿರಲಾರದು. ಅಜ್ಜ ಹೋದಾಗ ಅವನಿನ್ನೂ ತೊಡೆಯ ಮೇಲಿನ ಕೂಸು.

ಈ ಸಲ ಯುಗಾದಿಯ ಮರುದಿನ ಅಪ್ಪಿ ಗೋಡೆಯ ಫೋಟೋದ ಕೆಳಗೆ ನಿಂತು ಕೇಳಿದ, "ಅಜ್ಜೀ, ಅಜ್ಜ ಹೆಂಗೆ ಮಾತಾಡ್ತಿದ್ರು?" ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು, "ದೊಡ್ಡ ಸ್ವರ ಕಣೋ." "ದೊಡ್ಡದು ಅಂದ್ರೆ ಹೆಂಗೆ? ಮಾಡಿ ತೋರ್ಸು." ಪುಟ್ಟಿ ಗಂಟಲು ಉಬ್ಬಿಸಿ ಬಸ್ಸಿನ ಕಂಡಕ್ಟರನ ಹಾಗೆ ಕೂಗಿದಳು. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಾನು ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅವರ ದನಿಯನ್ನು ಮನಸ್ಸಿನಲ್ಲೇ ಕರೆದು ನೋಡಿದೆ. ಅರ್ಧ ಬಂತು, ಅರ್ಧ ಬರಲಿಲ್ಲ.

ನಿಮ್ಮ ಕಾಲದಲ್ಲಿ ಎಲ್ಲರ ದನಿಯೂ ಎಲ್ಲರ ಫೋನಿನಲ್ಲಿದೆ. ಅಜ್ಜನದ್ದು ಎಲ್ಲಿಯೂ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಗುಂಡಿಗಳ ಹಳೆ ಫೋನು. ಅದರಲ್ಲೂ "ಆಯ್ತು, ಇಡ್ತೆ" ಎಂಬುದಕ್ಕಿಂತ ಹೆಚ್ಚು ಮಾತಾಡಿದವರಲ್ಲ. ನಿಮ್ಮ ಅಮ್ಮನ ಮದುವೆಯ ವಿಡಿಯೋದಲ್ಲಿ ಅವರು ಕೈ ಮುಗಿದು ನಿಂತು ಯಾರಿಗೋ ಏನೋ ಹೇಳುತ್ತಾರೆ. ತುಟಿ ಆಡುತ್ತದೆ, ಕೇಳಿಸುವುದು ವಾಲಗ. ಅವರ ದನಿ ಖಂಡಿತವಾಗಿ ಹೋಗಿ ಸೇರಿದೆ ಎಂದು ನಾನು ನಂಬಿದ್ದ ಜಾಗ ಒಂದೇ. ಘಟ್ಟದ ಕೆಳಗಿನ ಒಂದು ವೈದ್ಯಕೀಯ ಕಾಲೇಜಿನ ಕಂಪ್ಯೂಟರು. ಅದನ್ನು ಹುಡುಕಿಕೊಂಡು ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೆದುರು ಕುಳಿತು ಹೇಳಬಹುದಿತ್ತು, ಆದರೆ ನನಗೆ ಹೇಳಲು ಬರುವುದಿಲ್ಲ. ನಾಲ್ಕು ಜನ ಇರುವ ಅಂಗಡಿಯಲ್ಲಿ ಉಪ್ಪು ಕೇಳಲೂ ಜನ ಕರಗಲಿ ಎಂದು ಕಾದು ನಿಲ್ಲುವವಳು ನಾನು. ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಅಷ್ಟು ಸಾಕು.

ಅಜ್ಜ ಜಾವಳಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ಹಣ್ಣು ಕೊಯ್ಲಿನ ದಿನಗಳಲ್ಲಿ ಸಂಜೆ ಹೆಂಗಸರು ಮೂಟೆ ಹೊತ್ತು ಬಂದು ಸಾಲಾಗಿ ಕೂರುತ್ತಿದ್ದರು. ಅಜ್ಜ ಡಬ್ಬದಲ್ಲಿ ಕಾಫಿ ಹಣ್ಣು ಅಳೆದು ಸುರಿಯುತ್ತ ಎಲ್ಲರಿಗೂ ಕೇಳುವಂತೆ ಎಣಿಸುತ್ತಿದ್ದರು, "ಲಾಭ... ಎರಡು... ಮೂರು..."

ಹಿಂದಿನವರು ಅಳೆಯುವಾಗ ಒಂದು ಎಂದು ಶುರು ಮಾಡುತ್ತಿರಲಿಲ್ಲ. ಭತ್ತವಾಗಲಿ, ಅಕ್ಕಿಯಾಗಲಿ, ಕಾಳುಮೆಣಸಾಗಲಿ, ಮೊದಲ ಅಳತೆ ಲಾಭ. ಆಮೇಲೆ ಎರಡು. ಏಕೆ ಎಂದು ನನ್ನನ್ನು ಕೇಳಬೇಡಿ, ನಮ್ಮನ್ನು ಕೇಳಿದವರೂ ಇಲ್ಲ, ನಮಗೆ ಬಿಡಿಸಿ ಹೇಳಿದವರೂ ಇಲ್ಲ. ಒಂಟಿಯಾಗಿ ಶುರು ಮಾಡಬಾರದು ಎಂದು ನನ್ನ ಅವ್ವ ಹೇಳಿದ ನೆನಪು. ಎಸ್ಟೇಟಿಗೆ ತಕ್ಕಡಿ ಬಂದು ಡಬ್ಬ ಮೂಲೆ ಸೇರಿದ ಮೇಲೂ ಅಜ್ಜನ ಬಾಯಿಂದ ಅದು ಹೋಗಲಿಲ್ಲ. ಸಸಿ ಎಣಿಸಿದರೂ ಲಾಭ, ತೆಂಗಿನಕಾಯಿ ಎಣಿಸಿದರೂ ಲಾಭ, ಪುಟ್ಟಿಯನ್ನು ಗಾಳಿಗೆ ಎಸೆದು ಹಿಡಿಯುವಾಗಲೂ ಲಾಭ. ಅಳತೆಗೆ ಕೂತ ಹೆಂಗಸರು ಚುಡಾಯಿಸುತ್ತಿದ್ದರು. "ಲಾಭ ಯಾರಿಗೆ ಮೇಸ್ತ್ರಿಗಳೇ, ಸಾಹುಕಾರ್ರಿಗಾ ನಮಗಾ?" "ನನ್ ಗಂಟ್ಲಿಗೆ ಮಾರಾಯ್ತಿ, ಕೂಗಿ ಕೂಗಿ ಹರಿದುಹೋಗ್ತದೆ" ಎನ್ನುತ್ತಿದ್ದರು ಇವರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಎಸ್ಟೇಟಿನ ಆಳುಗಳ ಲೈನ್ ಮನೆಯ ಬಾಗಿಲ ಹಿಂದೆ ನಿಂತು ಆ ದನಿ ಕೇಳುತ್ತಿದ್ದೆ. ಎದುರಿಗೆ ನಿಂತು ಮಾತಾಡಲು ನಾಚಿಕೆ. ದೂರದಿಂದ ಕೇಳಲು ನಾಚಿಕೆಯಿರಲಿಲ್ಲ.

ಆ ದನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಏರು ಹತ್ತುವಾಗ ಏದುಸಿರು. ಬಚ್ಚಲಿನಿಂದ ಬಂದು ಟವೆಲ್ ಹಿಡಿದು ಕೂತರೆ ಬಹಳ ಹೊತ್ತು ಮಾತಿಲ್ಲ. ಮೂಡಿಗೆರೆಗೆ ಆ ಕಾಲೇಜಿನವರು ತಿಂಗಳಿಗೊಮ್ಮೆ ಬಂದು ಎದೆ ಪರೀಕ್ಷೆ ಮಾಡುತ್ತಾರೆಂದು ಕೇಳಿ ಕರೆದುಕೊಂಡು ಹೋದೆವು. ನಮ್ಮನ್ನು ನೋಡಿದವಳು ಒಬ್ಬ ಚಿಕ್ಕ ಡಾಕ್ಟರಮ್ಮ. ದೊಡ್ಡ ಡಾಕ್ಟರ ಕೈಕೆಳಗೆ ಇನ್ನೂ ಕಲಿಯುತ್ತಿದ್ದವಳು. ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಬೆಳೆದ ಹುಡುಗಿ, ಒಳ್ಳೆಯವಳು. ಅಜ್ಜನ ಬೆನ್ನಿಗೆ ಒಂದು ಯಂತ್ರದ ಬಿಲ್ಲೆ ಒತ್ತಿ ಎದೆಯ ಸದ್ದನ್ನು ಕಂಪ್ಯೂಟರಿಗೆ ತುಂಬಿಕೊಂಡಳು. ನಂತರ ಹೇಳಿದಳು, "ಶ್ವಾಸಕೋಶ ಮೆತ್ತಗಿರ್ಬೇಕು. ನಿಮ್ದು ಗಟ್ಟಿಯಾಗ್ತಾ ಇದೆ."

"ಗಟ್ಟಿ ಆದ್ರೆ ಒಳ್ಳೇದಲ್ವಾ ಡಾಕ್ಟ್ರಮ್ಮ?" ಎಂದರು ಇವರು.

ಅವಳು ನಗಲಿಲ್ಲ. ವಾಸಿಯಾಗುವ ಕಾಯಿಲೆ ಅಲ್ಲವೆಂದೂ, ಇರುವಷ್ಟನ್ನು ಕಾಪಾಡಿಕೊಳ್ಳಬಹುದೆಂದೂ ಮೆಲ್ಲಗೆ ತಿಳಿಸಿದಳು. ಆಮೇಲೆ ತಮ್ಮ ಸಂಶೋಧನೆಯ ವಿಷಯ ಎತ್ತಿದಳು. ಗುಡ್ಡಗಾಡಿನ ರೋಗಿಗಳು ವಾರ ವಾರ ಘಟ್ಟ ಇಳಿದು ಬರಲಾರರು. ಹಾಗಾಗಿ ಅವರಿಗೆ ಒಂದು ಫೋನು ಕೊಡುತ್ತಾರೆ. ರೋಗಿ ವಾರಕ್ಕೊಮ್ಮೆ ಫೋನಿನೆದುರು ಕೂತು, ಉಸಿರು ಪೂರ್ತಿ ಎಳೆದುಕೊಂಡು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಬೇಕು. ಕಂಪ್ಯೂಟರು ಕೇಳಿಸಿಕೊಂಡು ಲೆಕ್ಕ ಇಡುತ್ತದೆ. ಎಣಿಕೆ ಕಡಿಮೆಯಾಗುತ್ತ ಬಂದರೆ ಡಾಕ್ಟರುಗಳಿಗೆ ತಿಳಿಸುತ್ತದೆ, ಅವರು ರೋಗಿಯನ್ನು ಕರೆಸಿಕೊಳ್ಳುತ್ತಾರೆ. ಆ ದನಿಗಳನ್ನೂ ಎದೆಯ ಸದ್ದನ್ನೂ ಇಟ್ಟುಕೊಂಡು ಡಾಕ್ಟರಿಕೆ ಓದುವ ಮಕ್ಕಳಿಗೆ ಕಲಿಸುತ್ತಾರೆ.

"ನನ್ ಸ್ವರ ಕೇಳಿ ಮಕ್ಳು ಡಾಕ್ಟ್ರಾಗ್ತಾರಾ? ಹಂಗಾದ್ರೆ ಬರ್ಕೊಳ್ಳಿ ನನ್ ಹೆಸ್ರ" ಎಂದರು ಅಜ್ಜ.

ನಾನು ಇವರ ಭುಜದ ಹಿಂದೆ ಕೂತಿದ್ದವಳು ಇವರ ಕಿವಿಯಲ್ಲಿ ಏನೋ ಹೇಳಿದೆ. ಇವರು ನನ್ನ ಪರವಾಗಿ ಕೇಳಿದರು, "ಮನೇಲಿ ನಾವು ಮಾತಾಡಿದ್ದೆಲ್ಲ ಕೇಳಿಸ್ತದಾ ಅಂತ ಇವಳ ಪ್ರಶ್ನೆ."

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ಇಲ್ಲಮ್ಮ. ಎಣಿಸೋಕೆ ಶುರು ಮಾಡಿದ ಮೇಲಿನದ್ದು ಮಾತ್ರ ಉಳ್ಕೊಳುತ್ತೆ. ಅದಕ್ಕೆ ಮುಂಚಿನ ಮನೆಮಾತನ್ನೆಲ್ಲ ಕಂಪ್ಯೂಟರೇ ಅಳಿಸಿಬಿಡುತ್ತೆ. ಯಾರ ಮನೆ ವಿಷಯವೂ ನಮಗೆ ಬರಬಾರದು ಅಂತಲೇ ಹಾಗೆ ಮಾಡಿರೋದು." ನನಗೆ ಅದೇ ದೊಡ್ಡ ಸಮಾಧಾನವಾಯಿತು. ಆ ಮಾತನ್ನು ಎಷ್ಟು ಇಷ್ಟಪಟ್ಟು ಕೇಳಿಸಿಕೊಂಡೆ ಎಂಬುದು ಈಗಲೂ ನೆನಪಿದೆ.

ಅಲ್ಲಿಯೇ ಒಮ್ಮೆ ಅಭ್ಯಾಸ ಮಾಡಿಸಿದಳು. ಅದನ್ನು ಕಂಪ್ಯೂಟರಿಗೆ ತುಂಬಿಕೊಳ್ಳಲಿಲ್ಲ. "ನನ್ನ ಜೊತೆ ಹೇಳಿ. ಒಂದು..." ಎಂದು ಅವಳು ಎತ್ತಿಕೊಟ್ಟಳು. ಅಜ್ಜ "ಎರಡು, ಮೂರು, ನಾಲ್ಕು" ಎಂದು ಮುಂದುವರಿಸಿದರು. ಚೆನ್ನಾಗಿ ಮಾಡುತ್ತೀರಿ ಎಂದಳು. ಫೋನು ಕೈಗೆ ಕೊಟ್ಟಳು. ನಾವು ಬಸ್ಸು ಹತ್ತಿದೆವು.

ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಆ ಕೆಲಸ. ಆಗ ನಾವು ಲೈನ್ ಮನೆ ಬಿಟ್ಟು ರಸ್ತೆ ಬದಿಯ ಸಣ್ಣ ಮನೆಗೆ ಬಂದಾಗಿತ್ತು. ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ ನಾನು ಗುಂಡಿ ಒತ್ತಬೇಕು. ಅಜ್ಜ ಮಣೆಯ ಮೇಲೆ ನೆಟ್ಟಗೆ ಕೂತು, ಬೀಗರ ಮನೆಗೆ ಹೊರಟವರ ಹಾಗೆ ತಲೆ ಸವರಿಕೊಂಡು, ಉಸಿರೆಳೆದು, ಅಳತೆಗೆ ನಿಂತ ಹಾಗೆಯೇ ಶುರು ಮಾಡುತ್ತಿದ್ದರು, "ಲಾಭ, ಎರಡು, ಮೂರು, ನಾಲ್ಕು..." ಉಸಿರು ಮುಗಿದಲ್ಲಿ ನಿಲ್ಲಿಸಿ ಫೋನನ್ನು ನೋಡುತ್ತಿದ್ದರು.

ಫೋನಿನಲ್ಲಿ ಅಕ್ಷರ ಮೂಡುತ್ತಿತ್ತು. ನಾನು ಓದಿ ಹೇಳುತ್ತಿದ್ದೆ, "ಮತ್ತೊಮ್ಮೆ ಪ್ರಯತ್ನಿಸಿ."

"ಇನ್ನೊಂದ್ ಸಲಾನಾ? ಈ ಡಾಕ್ಟ್ರಮ್ಮಂಗೆ ನನ್ ಸ್ವರ ಎಷ್ಟ್ ಕೇಳಿದ್ರೂ ಸಾಕಾಗಲ್ಲ ಅಂತ ಕಾಣ್ತದೆ."

ಸುಧಾರಿಸಿಕೊಂಡು ಮತ್ತೆ ಎಣಿಸಿದರೆ ಮತ್ತೆ ಅದೇ ಅಕ್ಷರ. ಮೂರನೆಯ ಸಲ ಮುಗಿದ ಮೇಲೆ ಮಾತ್ರ ಫೋನು "ಧನ್ಯವಾದಗಳು, ಮುಂದಿನ ವಾರ ಭೇಟಿಯಾಗೋಣ" ಎನ್ನುತ್ತಿತ್ತು. "ನೋಡು, ಮೂರ್ ಸಲ ಹೇಳಿದ್ ಮೇಲೇ ಅದ್ರ ತಲೆಗೆ ಹೋಗೋದು. ನಿನ್ ಹಂಗೇ" ಎಂದು ನನ್ನನ್ನು ಚುಡಾಯಿಸುತ್ತಿದ್ದರು. ದೇವರಿಗೆ ಮೂರು ಸುತ್ತು, ಮಾತ್ರೆ ಮೂರು ಹೊತ್ತು, ಹಾಗೆಯೇ ಇದೂ ಮೂರು ಸಲ ಎಂದು ನಾವಿಬ್ಬರೂ ತಿಳಿದುಕೊಂಡೆವು. ಲಾಭ ಎನ್ನುವುದು ತಪ್ಪಿರಬಹುದು ಎಂಬುದು ನಮ್ಮ ತಲೆಗೆ ಬರುವ ಸಂಗತಿಯೇ ಅಲ್ಲ. ಅದು ನಮಗೆ ಒಂದು ಎನ್ನುವುದಕ್ಕಿಂತ ಹಳೆಯದು.

ಒಮ್ಮೆ ಕಾಲೇಜಿನಿಂದ ಯಾರೋ ಫೋನು ಮಾಡಿದರು. ಚಿಕ್ಕ ಡಾಕ್ಟರಮ್ಮ ಅಲ್ಲ, ಬೇರೆ ಯಾರೋ ಹುಡುಗನ ದನಿ. "ಯಜಮಾನರು ಎಣಿಸ್ತಾ ಇದ್ದಾರಾ?" ಅಜ್ಜ ಹಿತ್ತಲಲ್ಲಿದ್ದರು. ನಾನು ಸೆರಗು ಸರಿಮಾಡಿಕೊಂಡು "ಹೌದು, ವಾರ ವಾರ" ಎಂದೆ. "ಸರಿಯಾಗಿ ಎಣಿಸ್ಬೇಕು ಅಂತ ಹೇಳಿ" ಎಂದು ಇಟ್ಟುಬಿಟ್ಟ. ನಾನು ಹೇಳಿದೆ. ಅಜ್ಜನಿಗೆ ಸಿಟ್ಟು ಬಂತು. "ಹುಟ್ಟಿದಾಗ್ನಿಂದ ಎಣ್ಸೋದೇ ಕೆಲಸ ನಂದು. ಇವನ್ಯಾವನ ನಂಗೆ ಎಣ್ಸೋದ್ ಕಲ್ಸಕ್ಕೆ?" ಮುಂದಿನ ಭಾನುವಾರ ಇನ್ನೂ ಗಟ್ಟಿಯಾಗಿ, ಇನ್ನೂ ಬಿಡಿಬಿಡಿಯಾಗಿ ಲಾಭ ಎಂದರು.

ಗಟ್ಟಿ ಎನ್ನುವುದೆಲ್ಲ ಆಮೇಲೆ ಉಳಿಯಲಿಲ್ಲ. ಮಳೆಗಾಲ ಹಿಡಿದ ಮೇಲೆ ಎಣಿಕೆ ಇಳಿಯುತ್ತ ಬಂತು. ಮೊದಲು ಇಪ್ಪತ್ತರ ಆಚೆ ಹೋಗುತ್ತಿದ್ದವರು ಹತ್ತಕ್ಕೆ ನಿಂತರು, ಆಮೇಲೆ ಹತ್ತೂ ಮುಟ್ಟಲಿಲ್ಲ. ನನಗೆ ಕೇಳಿಸುತ್ತಿತ್ತು. ಕಂಪ್ಯೂಟರಿಗೂ ಕೇಳಿಸುತ್ತಿದೆ, ಅದು ಡಾಕ್ಟರಮ್ಮನಿಗೆ ಹೇಳುತ್ತದೆ, ಅವಳು ಕರೆಯುತ್ತಾಳೆ ಎಂದುಕೊಂಡಿದ್ದೆ. ನಾನಾಗಿ ಫೋನು ಮಾಡಿ ಕೇಳೋಣವೇ ಎಂದು ಇವರನ್ನು ಕೇಳಿದರೆ, "ಅವ್ರಿಗೆ ಗೊತ್ತಿರ್ತದೆ. ಕರೆದಾಗ ಹೋಗನ" ಎಂದರು. ಮೂಡಿಗೆರೆಗೆ ಹೋಗುವುದಿರಲಿ, ಅಂಗಳ ದಾಟುವುದೂ ಅವರಿಗೆ ಕಷ್ಟವಾಗಿತ್ತು.

ಕೊನೆಯ ಭಾನುವಾರ ಮಣೆ ಬೇಡವೆಂದು ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕೂತರು. ಇವತ್ತು ಬಿಡಿ ಎಂದೆ. ಬೇಡ, ಮಕ್ಕಳು ಕಲಿಯುವುದಕ್ಕೆ ಬೇಕು ಎಂದು ಕೈಸನ್ನೆ ಮಾಡಿದರು. ಉಸಿರೆಳೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. "ಲಾಭ" ಎಂದರು. "ಎರಡು" ಎಂದರು. ಅಷ್ಟೇ. ನನ್ನ ಮುಖ ನೋಡಿದರು. ಫೋನು ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ನಾನು ಅದನ್ನು ಓದಿ ಹೇಳಲಿಲ್ಲ, ಕವುಚಿ ಇಟ್ಟೆ.

ಆ ವಾರವೇ ಅವರು ಹೋದರು. ನಿಮ್ಮ ಅಪ್ಪ ಆ ಫೋನನ್ನು ಮೂಡಿಗೆರೆಯ ಶಿಬಿರದಲ್ಲಿ ವಾಪಸು ಕೊಟ್ಟು ಬಂದರು. ನಾನು ನಿಮ್ಮ ಜೊತೆ ಆಲ್ದೂರಿಗೆ ಬಂದೆ. ಆ ದುಃಖದ ದಿನಗಳಲ್ಲೂ ಒಂದು ಮೂಲೆಯಲ್ಲಿ ನನಗೊಂದು ಧೈರ್ಯವಿತ್ತು. ಅಷ್ಟು ವಾರಗಳ ಎಣಿಕೆ, ಪ್ರತಿ ವಾರ ಮೂರು ಸಲ, ಎಲ್ಲ ಅಲ್ಲಿದೆ. ಬೇಕೆಂದಾಗ ಹೋಗಿ ಕೇಳಬಹುದು. ಬ್ಯಾಂಕಿನಲ್ಲಿಟ್ಟ ಒಡವೆಯ ಹಾಗೆ ಅದನ್ನು ನೆನೆದುಕೊಂಡು ಸುಮ್ಮನಿರುತ್ತಿದ್ದೆ. ಅಪ್ಪಿ ಆ ಪ್ರಶ್ನೆ ಕೇಳಿದ ದಿನ ನಿಮ್ಮ ಅಮ್ಮನಿಗೆ ಹೇಳಿದೆ, "ನಂಗೆ ಆ ಕಾಲೇಜಿಗೆ ಹೋಗ್ಬೇಕು." ಅವಳು ಲಟ್ಟಣಿಗೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ನಾನಾಗಿ ಎಲ್ಲಿಗಾದರೂ ಹೋಗಬೇಕೆಂದದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

ಅವಳೂ ನಾನೂ ಹೋದೆವು. ನಿಮ್ಮನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದು ನೆನಪಿರಬಹುದು, ಸಂಜೆ ಅಜ್ಜನ ಸ್ವರ ತರುತ್ತೇವೆ ಎಂದು ಅಪ್ಪಿಗೆ ಹೇಳಿ ಹೋಗಿದ್ದೆವು. ಘಟ್ಟದ ತಿರುವುಗಳಲ್ಲಿ ನನಗೆ ವಾಂತಿಯಾಯಿತು. ಕಾಲೇಜಿನ ಚೀಟಿ ಕಿಟಕಿಯ ಹಿಂದೆ ಕೂತವಳು "ರೋಗಿ ಹೆಸರು?" ಎಂದಳು. ನಾನು ಅವರ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. "ನಮ್ಮನೆಯವ್ರು" ಎಂದೆ. "ಯಾರ ಮನೆಯವ್ರು?" ಎಂದಳು. ನಿಮ್ಮ ಅಮ್ಮ ಮುಂದೆ ಬಂದು ಹೆಸರು ಹೇಳಿದಳು.

ಚಿಕ್ಕ ಡಾಕ್ಟರಮ್ಮ ಈಗ ಅಲ್ಲಿಯೇ ಪಾಠ ಮಾಡುತ್ತಿದ್ದಳು. ಗುರುತು ಹಿಡಿದಳು. ಅಜ್ಜ ಹೋದರೆಂದು ಕೇಳಿ ನನ್ನ ಕೈ ಹಿಡಿದುಕೊಂಡಳು. ತನ್ನ ಪಾಠದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಕಂಪ್ಯೂಟರುಗಳ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದರು. ಒಂದು ಮಂಚದ ಮೇಲೆ ಮನುಷ್ಯನಷ್ಟೇ ದೊಡ್ಡ ರಬ್ಬರಿನ ಗೊಂಬೆ. ಅದರ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಒಬ್ಬ ಹುಡುಗಿ ಅದರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು "ಎಲ್ಲಿ, ಜೋರಾಗಿ ಉಸಿರಾಡಿ ಅಜ್ಜಾ" ಎಂದಳು. ಉಳಿದವರು ನಕ್ಕರು. ನಾನು ಮಂಚದಿಂದ ದೂರ ಸರಿದು ನಿಂತೆ.

"ಏನಾಗ್ಬೇಕಿತ್ತಮ್ಮಾ?" ಎಂದಳು ಡಾಕ್ಟರಮ್ಮ.

ನಿಮ್ಮ ಅಮ್ಮ ಹೇಳಿದಳು, "ಅಪ್ಪನ ಸ್ವರ ನಿಮ್ ಹತ್ರ ಇದ್ಯಲ್ಲ. ಅದನ್ನ ಒಂದ್ಸಲ ಕೇಳಿ, ಆಗೋದಾದ್ರೆ ನನ್ನ ಫೋನಿಗೆ ಹಾಕಿಸ್ಕೊಂಡು ಹೋಗಣ ಅಂತ. ಮಗ ಕೇಳ್ತಾನೆ, ಅವನಿಗೆ ಆ ಸ್ವರ ನೆನಪೇ ಇಲ್ಲ."

"ಅದಕ್ಕೇನಂತೆ" ಎಂದು ಅವಳು ಕಂಪ್ಯೂಟರಿನೆದುರು ಕೂತಳು. ಅಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆಗಳು. ಅಜ್ಜನ ಸಂಖ್ಯೆ ಸಿಕ್ಕಿತು. ಅವಳು ನೋಡಿದಳು. ಮತ್ತೆ ನೋಡಿದಳು. ಮೌಸ್ ಹಿಡಿದ ಕೈ ನಿಂತಿತು.

"ಅಮ್ಮಾ, ಅವರು ಎಣಿಸ್ತಾ ಇರ್ಲಿಲ್ವಾ?"

"ಎಣಿಸ್ತಿದ್ರು."

"ಎಲ್ಲಾ ವಾರಾನೂ ಖಾಲಿ ಇದೆಯಲ್ಲ. ಎಣಿಕೆ ಇಲ್ಲ ಅಂತಿದೆ. ರೋಗಿ ಸಹಕರಿಸಲಿಲ್ಲ ಅಂತ ಇವರನ್ನ ಸಂಶೋಧನೆಯಿಂದ ಕೈಬಿಟ್ಟಿದ್ದಾರೆ. ಆಗ ನಾನು ಪರೀಕ್ಷೆಗೆ ಓದೋಕೆ ರಜೆ ಹಾಕಿದ್ದೆ..."

ಸಹಕರಿಸಲಿಲ್ಲ ಎಂಬ ಮಾತು ನನಗೆ ಸಹಿಸಲಾಗಲಿಲ್ಲ. ಆ ಕೋಣೆಯಲ್ಲಿ ಅಷ್ಟು ಜನ ಇದ್ದರು. ಆದರೂ ನನ್ನ ಬಾಯಿಂದ ದನಿ ಬಂತು. "ಎಣಿಸ್ತಿದ್ರು ಡಾಕ್ಟ್ರಮ್ಮ. ವಾರ ವಾರ. ಮೂರು ಮೂರು ಸಲ. ನಾನೇ ಗುಂಡಿ ಒತ್ತಿದೀನಿ. ಹೀಗೆ ಎಣಿಸ್ತಿದ್ರು." ಎಂದು ಅವರು ಕೂರುತ್ತಿದ್ದ ಹಾಗೆ ನೆಟ್ಟಗೆ ಕೂತೆ. "ಲಾಭ, ಎರಡು, ಮೂರು, ನಾಲ್ಕು, ಐದು..."

ಹೆಡ್‌ಫೋನ್ ಹಾಕಿದ ಮಕ್ಕಳೆಲ್ಲ ತಿರುಗಿ ನೋಡಿದರು. ಡಾಕ್ಟರಮ್ಮ "ಮೊದಲು ಏನಂದ್ರಿ?" ಎಂದಳು.

"ಲಾಭ."

"ಒಂದು ಅನ್ನಲ್ವಾ?"

"ಅಳೆಯೋರು ಒಂದು ಅನ್ನಲ್ಲ."

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಅಕ್ಕಿಯನ್ನು ಪೊಟ್ಟಣದಲ್ಲಿ ಕೊಂಡು ಬೆಳೆದ ಹುಡುಗಿ, ಅವಳಿಗೆ ಎಲ್ಲಿ ಗೊತ್ತಿರಬೇಕು. ಆಮೇಲೆ ಬಿಡಿಸಿ ಹೇಳಿದಳು. ಆ ಕಂಪ್ಯೂಟರು ಒಂದು ಎಂಬ ಶಬ್ದಕ್ಕೆ ಕಾಯುತ್ತದೆ. ಅಲ್ಲಿಂದ ಎಣಿಕೆ ಶುರುವೆಂದು ತಿಳಿದು ದನಿಯನ್ನು ಉಳಿಸಿಕೊಳ್ಳುತ್ತದೆ. ಅದು ಕೇಳಿಸದಿದ್ದರೆ, ಇದೆಲ್ಲ ಮನೆಮಾತು ಎಂದು ತಿಳಿದು ಅಳಿಸಿಹಾಕುತ್ತದೆ. ಲಾಭದಿಂದ ಹಿಡಿದು ಕೊನೆಯವರೆಗೆ ಅವರು ಹೇಳಿದ್ದೆಲ್ಲ ಅದಕ್ಕೆ ಮನೆಮಾತು.

ಅವಳು ಆ ಕಂಪ್ಯೂಟರಿನ ಪ್ರೋಗ್ರಾಮ್ ಬರೆದವರಿಗೆ ಅಲ್ಲಿಂದಲೇ ಫೋನು ಮಾಡಿದಳು. ಎಲ್ಲಾದರೂ ಉಳಿದಿರಬಹುದೇ, ಆ ಫೋನಿನೊಳಗಾದರೂ? ನನಗೆ ಇಂಗ್ಲಿಷು ತಿಳಿಯದು. ಅವಳ ಮುಖ ತಿಳಿಯುತ್ತಿತ್ತು. ಫೋನು ಇಟ್ಟು ತಲೆಯಾಡಿಸಿದಳು.

ಆಗ ನಿಮ್ಮ ಅಮ್ಮ ಕೇಳಿದಳು, "ಹಂಗಾದ್ರೆ ಅಪ್ಪನ ಎಣಿಕೆ ಕಡಿಮೆ ಆಗಿದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?"

"ಇಲ್ಲ" ಎಂದಳು ಡಾಕ್ಟರಮ್ಮ. ಸುತ್ತಿಬಳಸಿ ಹೇಳಲಿಲ್ಲ. "ಗೊತ್ತಾಗಿದ್ರೂ ಆ ಕಾಯಿಲೆಯಲ್ಲಿ ಉಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಆದ್ರೆ ಕರೆಸ್ತಿದ್ವಿ. ಆಕ್ಸಿಜನ್ ಕೊಡ್ತಿದ್ವಿ. ಸ್ವಲ್ಪ ಸುಲಭ ಆಗ್ತಿತ್ತು." ನಿಮ್ಮ ಅಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ನನಗೆ ಅಳಲೂ ನಾಚಿಕೆಯಾಯಿತು, ಮಕ್ಕಳು ನೋಡುತ್ತಿದ್ದರು.

ಏನಾದರೂ ಕೊಡಬೇಕು ಎಂದು ಆ ಹುಡುಗಿಗೆ ಅನಿಸಿರಬೇಕು. "ಮೊದಲ ದಿನ ತಗೊಂಡ ಎದೆಯ ಸದ್ದು ಇದೆಯಮ್ಮಾ. ಇಷ್ಟು ಸ್ಪಷ್ಟವಾದದ್ದು ನಮಗೆ ಇನ್ನೊಂದು ಸಿಕ್ಕಿಲ್ಲ. ವರ್ಷ ವರ್ಷ ಬರೋ ಮಕ್ಕಳಿಗೆಲ್ಲ ಇದನ್ನೇ ಕೇಳಿಸಿ ಕಲಿಸ್ತೀವಿ. ಈ ಗೊಂಬೆಯೊಳಗೂ ಅದೇ ಇದೆ" ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ತಾನೇ ಹಾಕಿದಳು.

ಕಣ್ಣು ಮುಚ್ಚಿಕೊಂಡು ಕೇಳಿದೆ. ಉಸಿರು ಒಳಗೆ ಹೋಗುವಾಗ ಒಂದು ಸದ್ದು. ಕಣದಲ್ಲಿ ಒಣಗಿದ, ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಕಾಲಲ್ಲಿ ಎಳೆಯುತ್ತ ನಡೆದರೆ ಬರುವಂಥದ್ದು, ಚರಚರ, ಚರಚರ. ಮುಗಿದು ಮತ್ತೆ ಮೊದಲಿನಿಂದ. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯ. ಅದರೊಳಗೆ ಅವರನ್ನು ಹುಡುಕಿದೆ. ಸಿಗಲಿಲ್ಲ. ಅದು ಯಾರ ಎದೆಯಾದರೂ ಆಗಿರಬಹುದಿತ್ತು. ಅದು ಅವರನ್ನು ತೆಗೆದುಕೊಂಡು ಹೋದ ಕಾಯಿಲೆಯ ಸದ್ದು. ಅದನ್ನು ಒಂದಿಷ್ಟೂ ಬಿಡದೆ ಉಳಿಸಿಕೊಂಡಿದ್ದರು.

ನಿಮ್ಮ ಅಮ್ಮನೂ ಕೇಳಿದಳು. ಫೋನಿಗೆ ಹಾಕಿಕೊಡಲೇ ಎಂದು ಡಾಕ್ಟರಮ್ಮ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಬೇಡ ಎಂದೆ. ಅಪ್ಪಿಗೆ ಅಜ್ಜನ ದನಿ ಎಂದು ಅದನ್ನು ಕೇಳಿಸಲು ನನಗೆ ಮನಸ್ಸು ಬರಲಿಲ್ಲ.

ಹೊರಡುವ ಮೊದಲು ಅವಳು ಸಂಕೋಚದಿಂದ ಇನ್ನೊಂದು ಕೇಳಿದಳು. ನಿಮ್ಮ ಕಡೆಯವರು ಎಣಿಸುವ ಹಾಗೆ ಎಣಿಸಿ ಕೊಡುತ್ತೀರಾ, ಇದಕ್ಕೆ ಕಲಿಸಬೇಕು, ಇನ್ನೊಬ್ಬರಿಗೆ ಹೀಗಾಗಬಾರದು ಎಂದಳು. ಅವಳು ಹೇಳಿದ್ದು ನ್ಯಾಯವೇ. ಮೈಕಿನ ಮುಂದೆ ಕೂತೆ. ಲಾಭ ಎಂದೆ, ಉಸಿರಿರುವಷ್ಟು ಎಣಿಸಿದೆ. ಪರದೆಯ ಮೇಲೆ ಅಕ್ಷರ ಮೂಡಿತು. ಮತ್ತೊಮ್ಮೆ ಪ್ರಯತ್ನಿಸಿ. ಅವಳು ಅವಸರದಿಂದ ಅದನ್ನು ಮುಚ್ಚಿ, ಇದು ಇನ್ನೂ ಕಲಿತಿಲ್ಲ, ನಿಮ್ಮದನ್ನು ನಾನೇ ಬೇರೆಯಾಗಿ ಎತ್ತಿಟ್ಟಿದ್ದೇನೆ ಎಂದಳು. ಎಲ್ಲಿಯೂ ಮಾತಾಡದ ನನ್ನ ದನಿ ಈಗ ಘಟ್ಟದ ಕೆಳಗಿನ ಕಂಪ್ಯೂಟರಿನಲ್ಲಿದೆ. ಅಷ್ಟು ಜನರ ಎದುರು ಕೂಗಿ ಕೂಗಿ ಎಣಿಸಿದವರದ್ದು ಇಲ್ಲ.

ಬಸ್ಸು ಘಟ್ಟ ಹತ್ತುವಾಗ ನಾನು ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಘಟ್ಟದ ಮೇಲಿನ ಕೊಟ್ಟಿಗೆಹಾರ ಬಂದಾಗ ನಿಮ್ಮ ಅಮ್ಮ ಹೇಳಿದಳು, "ಅಮ್ಮಾ, ಅಲ್ಲಿ ನೀನು ಎಣ್ಸಿದಾಗ ಅಪ್ಪನೇ ಹೇಳಿದ್ ಹಂಗಾಯ್ತು. ಅವರೂ ಹಂಗೇ ಲಾ ಅಂತ ಎಳೀತಿದ್ರು."

"ಎಳೀತಿರ್ಲಿಲ್ಲ" ಎಂದೆ. "ಅವ್ರು ಫಕ್ಕನೆ ಹೇಳೋರು, ಡಬ್ಬ ಕುಕ್ಕಿದ ಹಂಗೆ. ಎರಡು ಅನ್ನೋದನ್ನ ಎಳೀತಿದ್ರು."

"ಇಲ್ಲಮ್ಮ, ಲಾಭಾನೇ. ನಂಗೆ ಚೆನ್ನಾಗಿ ನೆನಪಿದೆ. ಕಣದಲ್ಲಿ ಆಡ್ತಿದ್ದಾಗ ಕೇಳ್ತಿತ್ತಲ್ಲ."

"ನಂಗೆ ಗೊತ್ತಿಲ್ವನೆ? ನಿನಗಿಂತ ಮುಂಚಿಂದ ಕೇಳಿದೀನಿ."

"ಹಂಗಾದ್ರೆ ಹೇಳ್ ತೋರ್ಸು."

ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಮೆಲ್ಲಗೆ ಹೇಳಿ ತೋರಿಸಿದೆ. ಅಲ್ಲ ಎಂದಳು. ಅವಳು ಹೇಳಿದಳು. ಅಲ್ಲ ಎಂದೆ. ಆ ದನಿಯನ್ನು ದಿನವೂ ಕೇಳಿ ಬದುಕಿದವರು ನಾವಿಬ್ಬರು. ಯಾರು ಸರಿ ಎಂದು ಹೋಗಿ ಕೇಳುವ ಜಾಗ ಈಗ ಇಲ್ಲ. ಅವಳ ಅಪ್ಪ ಒಂದು ಥರ ಹೇಳುತ್ತಾರೆ, ನನ್ನ ಗಂಡ ಇನ್ನೊಂದು ಥರ. ಮುಂದಿನ ವರ್ಷ ನನಗೂ ಬೇರೆ ಥರ ಕೇಳಿಸಬಹುದು.

ಮನೆಗೆ ಬಂದಾಗ ಅಪ್ಪಿ ಬಾಗಿಲಲ್ಲೇ ಇದ್ದ. "ತಂದ್ರಾ?" ಎಂದ. ಅಂಗಡಿ ಮುಚ್ಚಿತ್ತು ಎಂದು ನಿಮ್ಮ ಅಮ್ಮ ಹೇಳಿದಳು. ಅವನು ಅದನ್ನು ನಂಬಿ ಆಡಲು ಹೋದ. ಆವತ್ತಿನಿಂದ ಅವನು ಮತ್ತೆ ಕೇಳಿಲ್ಲ. ಇನ್ನು ಕೇಳುವುದೂ ಇಲ್ಲ ಅನ್ನಿಸುತ್ತದೆ.

ಅದಕ್ಕೇ ಬರೆದೆ. ಬರೆದು ನೋಡಿದರೆ ಇದೂ ಆಗುವುದಿಲ್ಲ. ದೊಡ್ಡ ದನಿ ಎಂದು ಬರೆಯುತ್ತೇನೆ, ಪುಟ್ಟಿ ಕಂಡಕ್ಟರನ ಹಾಗೆ ಕೂಗಿದ್ದು ನೆನಪಾಗುತ್ತದೆ. ತಳದಲ್ಲಿ ಸ್ವಲ್ಪ ಒರಟು ಎಂದು ಬರೆಯುತ್ತೇನೆ, ಅದು ಕೆಮ್ಮು ಬಂದ ಮೇಲಿನದ್ದೋ ಮುಂಚಿನದ್ದೋ ತಿಳಿಯುವುದಿಲ್ಲ. ನನ್ನನ್ನು ಕರೆಯುವಾಗ ಹೆಸರು ಹಿಡಿಯದೆ "ಕೇಳ್ತಾ?" ಎನ್ನುತ್ತಿದ್ದರು. ಆ ಎರಡಕ್ಷರ ಮಾತ್ರ ಇನ್ನೂ ಕೆಲವು ಬೆಳಿಗ್ಗೆ ಪೂರ್ತಿಯಾಗಿ ಬರುತ್ತದೆ, ಎಚ್ಚರವಾಗುವ ಮೊದಲು. ಎದ್ದು ಕೂತರೆ ಇರುವುದಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಅಟ್ಟಕ್ಕೆ ಹಾಕಬೇಡಿ, ನಮ್ಮ ಮಳೆಗೆ ಬೂಷ್ಟು ಹಿಡಿದು ಅಕ್ಷರ ಕಲಸಿಹೋಗುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ನಿಮ್ಮ ಅಮ್ಮನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಡಿ. ಬಿಸಿಲಿನ ತಿಂಗಳಲ್ಲಿ ಒಮ್ಮೆ ತೆಗೆದು ಗಾಳಿಗೆ ಹಿಡಿಯಿರಿ. ಅಜ್ಜನ ದನಿ ಇದರಲ್ಲಿಲ್ಲ. ಆದರೂ ಇಟ್ಟುಕೊಳ್ಳಿ.